ಕೋಳಿ ನಮ್ದು ಅಂದ್ಮ್ಯಾಲ ಬೇಲಿನೂ ನಮ್ದೇ ಇರ್ಬೇಕು

ಸಂಪಾದಕರಿಗೆ ನಮಸ್ಕಾರ್ರಿ,

ನಾನು ಚಿತ್ತಾಪುರ ತಾಲೂಕಿನ ಒಂದು ಹಳ್ಳಿಯಾಕಿ. ಮನ್ಯಾಗ 22 ಜವಾರಿ ಕೋಳಿ ಸಾಕೀನಿ, ಅದ್ರಾಗ ಮೂರು ಹುಂಜ, ಉಳಿದವು ಹ್ಯಾಟಿ, ಸಣ್ಣ ಮರಿ ಲೆಕ್ಕಕ್ಕ ಹಿಡ್ದಿಲ್ಲ. ಪೇಪರ್‌ಗಿ ಬರಿಯೋದು ಇದೇ ಮೊದಲ ಸಲ, ತಪ್ಪಿದ್ರ ತಿದ್ಕೊಂಡು ಹಾಕ್ರಿ. ನಮ್ಮ ಕಡಿ ಕೋಳಿ ಸಲುವಾಗಿ ಬಾಜು ಮನಿಯವ್ರ ನಡುವ ಆಗೋ ಜಗಳ ಭಾಳ ಆಗ್ಲತ್ತಾವ, ಒಂದೊಂದು ಸಲ ಎರಡು ಮನಿ ಮಂದಿ ವರ್ಷಗಟ್ಲೆ ಮಾತು ಬಿಡ್ತಾರ, ಆದ್ರ ಇದ್ರ ಬಗ್ಗೆ ಯಾರೂ ಕೂತು ಮಾತಾಡಂಗಿಲ್ಲ, "ಏ ಅದೇನು ಕೋಳಿ ಜಗಳ ಬಿಡ್ರಿ" ಅಂತ ಅಂದು ಎದ್ದು ಹೋಗ್ತಾರ. ಜಗಳ ಅನುಭವಿಸಿದವ್ರಿಗಿ ಗೊತ್ತು ಅದು ಸಣ್ಣದಲ್ಲ ಅಂತ. ನಾನು ಅನುಭವಿಸೀನಿ, ಮತ್ತ ಅದ್ರಾಗ ನನ್ನ ತಪ್ಪು ಎಷ್ಟಿತ್ತು ಅನ್ನೋದೂ ಈಗ ತಿಳ್ದದ, ಅದಕ್ಕೇ ಬರಿಲತ್ತೀನಿ.

ಹೋದ ವರ್ಷ ಕಲಬುರಗಿ ಶರಣಬಸಪ್ಪನ ಜಾತ್ರಿ ಮುಗ್ದು ಸುಮಾರು ಒಂದು ತಿಂಗಳಾಗಿತ್ತು. ಬಾಜು ಮನಿ ಕಾಕು ಮಾಳಗಿ ಮ್ಯಾಲ ಶಾವಿಗಿ ಒಣ ಹಾಕಿದ್ರು. ನಾಕು ಹೆಣ್ಮಕ್ಕಳು ಎರಡು ದಿನ ಕೂತು ಹೊಸೆದ ಶಾವಿಗಿ ಅದು, ತೊಳದ ಧೋತರದ ಮ್ಯಾಲ ಸಾಲಾಗಿ ಹರವಿದ್ರು. ನಮ್ಮ ಕೆಂಪು ಹ್ಯಾಟಿ ತಿಪ್ಪಿ ಮ್ಯಾಲಿಂದ ಹಿತ್ತಲ ಗ್ವಾಡಿಗಿ ಹಾರ್ತು, ಗ್ವಾಡಿ ಮ್ಯಾಲಿಂದ ಸೀದಾ ಅವರ ಮಾಳಗಿಗಿ, ಅದ್ರ ಹಿಂದ ಇನ್ನಾ ಆರು. ತಿಂದದ್ದು ಸ್ವಲ್ಪ, ಕೆದರಿ ಚೆಲ್ಲಿದ್ದೇ ಜಾಸ್ತಿ, ಮ್ಯಾಲಿಂದ ಧೋತರದ ತುಂಬ ಹೊಲಸು ಮಾಡಿಟ್ಟು ಬಂದ್ವು. ಕಾಕು ಅವರ ಮನ್ಯಾಗ ತತ್ತಿ ಸೈತ ಒಳಗ ತರಂಗಿಲ್ಲ, ಅಂಥ ಮನಿ ಶಾವಿಗಿ ಮ್ಯಾಲ ಕೋಳಿ ಹೊಲಸು. ಅವರು ಮಾಳಗಿ ಮ್ಯಾಲ ನಿಂತು ಬೈದ್ರು, ಬೈಯೋದು ಸಹಜ ಅದ. ನಾನು ಆವಾಗ ತಪ್ಪಾಯ್ತು ಕಾಕು ಅಂದಿದ್ರ ಅಲ್ಲೇ ಮುಗಿತಿತ್ತು, ಆದ್ರ ನಾನು ಕೆಳಗ ನಿಂತು "ಅದಕ್ಕೇನು ತಿಳಿತದ್ರಿ ಕಾಕು, ಬಾಯಿಲ್ಲದ ಜೀವ, ನೀವೇ ಮುಚ್ಚಿಡಬೇಕಿತ್ತು" ಅಂದ್ಬಿಟ್ಟೆ. ಅವತ್ತಿಂದ ಮಾತು ನಿಂತ್ವು.

ಅದಾಗಿ ಎಂಟು ದಿನಕ್ಕ ಒಂದು ದಿನ ಬೆಳಗ್ಗಿ ನಾಕು ಹ್ಯಾಟಿ ಹಿತ್ತಲದಾಗ ಕುತ್ತಿಗಿ ತಿರುವಿ ಬಿದ್ದಿದ್ವು, ಬಾಯಾಗ ನೊರಿ ಇತ್ತು. ಯಾರು ಏನು ಹಾಕಿದ್ರು ಅಂತ ನಾನು ಕಣ್ಣಿಂದ ನೋಡಿಲ್ಲ, ನೋಡದೆ ಯಾರ ಹೆಸರೂ ಹೇಳಂಗಿಲ್ಲ, ಓಣ್ಯಾಗ ನಮ್ಮ ಕೋಳಿಂದ ತ್ರಾಸಾದವ್ರು ಒಬ್ಬರಲ್ಲ ಇಬ್ಬರಲ್ಲ. ಆದ್ರ ಒಂದು ಮಾತು ಎಲ್ಲರಿಗೂ ಗೊತ್ತಿರ್ಲಿ, ಸಾಕಿದ ಪ್ರಾಣಿಗಿ ವಿಷ ಹಾಕೋದು ದೊಡ್ಡ ಅಪರಾಧ, ಈಗಿನ ಭಾರತೀಯ ನ್ಯಾಯ ಸಂಹಿತೆ 325ನೇ ಕಲಂದಾಗ ಅದಕ್ಕ 5 ವರ್ಷದ ತನಕ ಜೈಲು ಇಲ್ಲಾ ದಂಡ ಇಲ್ಲಾ ಎರಡೂ ಅದಾವ. ಅದಲ್ಲದೆ ವಿಷ ತಿಂದ ಕೋಳಿನ ನಾಯಿ ತಿಂತದ, ಕಾಗಿ ತಿಂತದ, ಮಕ್ಕಳು ಮುಟ್ತಾವ. ನಾನು ಆ ನಾಕನ್ನೂ ಹೊಲದ ಬದುವಿನ್ಯಾಗ ಆಳಕ್ಕ ತಗ್ಗು ತೋಡಿ ಹೂತು ಬಂದೆ. ಕೆಂಪು ಹ್ಯಾಟಿನೂ ಅದ್ರಾಗೇ ಇತ್ತು. ಅದ್ರ ಹನ್ನೊಂದು ಮರಿ ಆವಾಗ ಇಪ್ಪತ್ತು ದಿನದ್ದು, ತಾಯಿನ ಹುಡಕ್ಕೋತ ಸಂಜಿ ತನಕ ಚಿಂವ್ ಚಿಂವ್ ಅಂದ್ವು, ಆ ದನಿ ನನಗ ಇವತ್ತಿಗೂ ಮರಿಲಿಕ್ಕ ಆಗಿಲ್ಲ.

ಅಲ್ಲಿಂದ ನಾನು ಉಳಿದವನ್ನ ಹಿಡ್ದಿಡ್ಲಿಕ್ಕ ಶುರು ಮಾಡ್ದೆ, ಆದ್ರ ಹ್ಯಾಂಗ ಹಿಡ್ದಿಡ್ಬೇಕು ಅಂತ ಗೊತ್ತಿದ್ದಿಲ್ಲ. ಮೊದಲು ಕಾಲಿಗಿ ಸುತಳಿ ಕಟ್ಟಿ ಕಲ್ಲಿಗಿ ಬಿಗಿದೆ. ನಮ್ಮ ಕಡಿ ಭಾಳ ಮಂದಿ ಇದನ್ನೇ ಮಾಡ್ತಾರ. ನಾಕು ದಿನಕ್ಕ ಸುತಳಿ ಕಾಲಾಗ ಇಳ್ದು ಗಾಯ ಆಯ್ತು, ನೊಣ ಕೂತ್ವು, ಒಂದು ಕೋಳಿ ಕುಂಟ್ಲಿಕ್ಕ ಹತ್ತಿತು, ಇನ್ನಾ ಕುಂಟತದ. ಪ್ರಾಣಿನ ಗಿಡ್ಡ ಹಗ್ಗದಾಗ ದಿನಗಟ್ಲೆ ಕಟ್ಟಿಡೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರನೂ ತಪ್ಪು ಅಂತ ಆಮ್ಯಾಲ ಗೊತ್ತಾಯ್ತು, ಕಾಯ್ದೆ ಬಿಡ್ರಿ, ಆ ಗಾಯ ಒಮ್ಮೆ ನೋಡಿದ್ರ ಯಾರೂ ಕಟ್ಟಂಗಿಲ್ಲ. ಆಮ್ಯಾಲ ಹಗಲೆಲ್ಲಾ ಬುಟ್ಟಿ ಕೆಳಗ ಮುಚ್ಚಿಟ್ಟೆ, ಮೇ ತಿಂಗಳ ಬಿಸಿಲಿಗಿ ಬಾಯಿ ತಕ್ಕೊಂಡು ರೆಕ್ಕಿ ಅಗಲ ಮಾಡಿ ಏದುಸಿರು ಬಿಡ್ಲತ್ತಿದ್ವು. ಕೋಳಿಗಿ ಬೆವರು ಬರಂಗಿಲ್ಲರಿ, ಬಾಯಿ ತೆರ್ದೇ ಮೈ ತಂಪು ಮಾಡ್ಕೋಬೇಕು, ಗಾಳಿ ಆಡದ ಬುಟ್ಯಾಗ ಅದು ಹ್ಯಾಂಗ ಆಗ್ಬೇಕು.

ನಮ್ಮ ದೊಡ್ಡಮ್ಮ ಒಬ್ಬಾಕಿ ಬೀದರ ಜಿಲ್ಲಾ ಔರಾದ ಕಡಿಯಾಕಿ, ಎಪ್ಪತ್ತರ ಮ್ಯಾಲ ವಯಸ್ಸು, ಸಣ್ಣಾಕಿ ಇದ್ದಾಗಿಂದ ಕೋಳಿ ನಡುವೇ ಬೆಳದಾಕಿ. ಜೂನ್‌ದಾಗ ಮನಿಗಿ ಬಂದಾಗ ಬುಟ್ಟಿ ಎತ್ತಿ ನೋಡಿ "ಏ ತಂಗಿ, ಇವ್ಕ ಜೀವ ಹೋಗ್ತದ ನೋಡು, ರಾತ್ರಿ ಆಗ್ಲಿ, ಕತ್ರಿ ಇಡು" ಅಂದ್ಳು. ನಾನು ಅಂಜಿದೆ, ಕತ್ರಿ ಅಂದ್ರ ರೆಕ್ಕಿನೇ ಕಡಿತಾಳ ಅಂತ ತಿಳಕೊಂಡೆ. ರಾತ್ರಿ ಎಂಟರ ಮ್ಯಾಲ, ಕೋಳಿ ಗೂಡಿನ್ಯಾಗ ಕಣ್ಣು ಮುಚ್ಚಿ ಕೂತಾಗ ಒಂದನ್ನ ಮೆಲ್ಲಕ ಎತ್ತಿ ತಂದ್ಳು. ಕತ್ತಲದಾಗ ಕೋಳಿ ಒದ್ದಾಡಂಗಿಲ್ಲ, ಹಗಲು ಬೆನ್ನ ಹತ್ತಿ ಹಿಡಿದ್ರ ಅದೂ ಹೆದರ್ತದ ನಾವೂ ಬೀಳ್ತೀವಿ. ಎಡಗೈ ಕಂಕಳಾಗ ಕೋಳಿ ಮಾರಿ ಹಿಂದ ಮಾಡಿ ಅವುಚ್ಕೊಂಡು, ಬಲಗೈಲಿ ಒಂದು ರೆಕ್ಕಿ ಬಿಚ್ಚಿದ್ಳು, ಬೀಸಣಕಿ ಬಿಚ್ಚಿದಂಗ ಬಿಚ್ಕೊಂತು. ನನ್ನ ಕೈಯಾಗ ಮೊಬೈಲ್ ಬ್ಯಾಟರಿ. "ಎಣಸು" ಅಂದ್ಳು. ತುದಿಗಿ ಉದ್ದನ್ನ ಗರಿ ಹತ್ತು ಇದ್ವು, ಆಮ್ಯಾಲ ನಡುವ ಒಂದು ಗಿಡ್ಡ ಗರಿ, ಅದ್ರಾಚಿಗಿ ಮೈ ಕಡಿ ಬರೋ ಗರಿ. ಆ ಹತ್ತೇ ಹಾರ್ಲಿಕ್ಕ ಜೋರು ಕೊಡೋ ಗರಿ ಅಂತ. ಅವುಗಳ ಮ್ಯಾಲ ಸಣ್ಣ ಮೆತ್ತನ ಪುಕ್ಕ ಒಂದು ಸಾಲು ಹೊದ್ದಿರ್ತದಲ್ಲ, ಆ ಸಾಲಿನ ತುದಿ ಸಮಕ್ಕ ಕತ್ರಿ ಇಟ್ಟು ಕಚ್ ಕಚ್ ಅಂತ ಒಂದೊಂದೇ ಕತ್ತರಿಸಿದ್ಳು, ಕೋಳಿ ಕಣ್ಣು ಸೈತ ಮಿಟಕಿಸ್ಲಿಲ್ಲ. ನಮ್ಮ ಉಗುರು ಕೂದ್ಲಾ ಇದ್ದಂಗರಿ ಅದು, ಬಲಿತ ಗರಿಯಾಗ ಜೀವ ಇರಂಗಿಲ್ಲ.

ಆದ್ರ ಎಲ್ಲಾ ಗರಿ ಬಲಿತಿರಂಗಿಲ್ಲ, ಇದನ್ನ ನಾನು ತಪ್ಪು ಮಾಡಿ ಕಲ್ತೆ. ದೊಡ್ಡಮ್ಮ ಊರಿಗಿ ಹೋದ ಮ್ಯಾಲ ನಾನೇ ಒಂದು ಎಳಿ ಹ್ಯಾಟಿ ಹಿಡ್ದು ಕತ್ತರಿಸ್ಲಿಕ್ಕ ಹೋದೆ. ಹೊಸದಾಗಿ ಬರ್ಲತ್ತಿರೋ ಗರಿ ಬುಡದಾಗ ದಪ್ಪ ಇರ್ತದ, ಒಳಗ ರಕ್ತ ಓಡಾಡ್ತಿರ್ತದ, ಬ್ಯಾಟರಿ ಹಿಂದಿಂದ ಹಿಡಿದ್ರ ಬುಡ ನೀಲಿ ಕೆಂಪು ಕಾಣ್ತದ, ಬಲಿತ ಗರಿ ಬುಡ ಆದ್ರ ಬೆಳ್ಳಗ ಪೊಳ್ಳು ಕಾಣ್ತದ. ನಾನು ಅವಸರಕ್ಕ ನೋಡ್ಲಿಲ್ಲ. ಕತ್ರಿ ಬಿದ್ದ ಕೂಡ್ಲೇ ರಕ್ತ ತಟತಟ ಹನಿತು, ನನ್ನ ಸೀರಿ ಸೆರಗೆಲ್ಲಾ ಆಯ್ತು, ಕೈಕಾಲು ನಡಗಿದ್ವು. ಅರಿಷಿಣ ಒತ್ತಿ, ಸ್ವಚ್ಛ ಬಟ್ಟಿ ಇಟ್ಟು ಹತ್ತು ನಿಮಿಷ ಗಟ್ಟಿ ಹಿಡ್ದೆ, ಅದ್ರ ಪುಣ್ಯ ನಿಂತು. ಆ ರಾತ್ರಿ ಅದನ್ನ ಬ್ಯಾರೆ ಇಟ್ಟೆ, ಯಾಕಂದ್ರ ರಕ್ತ ಕಂಡ್ರ ಉಳಿದ ಕೋಳಿ ಅದನ್ನೇ ಕುಕ್ಕಿ ಕುಕ್ಕಿ ಕೊಲ್ತಾವ. ನಿಲ್ಲದೆ ಹೋಗಿದ್ರ ಪಶು ಡಾಕ್ಟರ್ ಹತ್ರ ಓಡಬೇಕಾಗ್ತಿತ್ತು. ಅದಕ್ಕೇ ಹೇಳ್ತೀನಿ, ನೀಲಿ ಬುಡದ ಗರಿ ಒಂದಿದ್ರೂ ಅದನ್ನ ಬಿಟ್ಟುಬಿಡ್ರಿ, ಅದು ಬಲಿತ ಮ್ಯಾಲ ಕತ್ತರಿಸಿದ್ರ ಆಯ್ತು, ಅವಸರ ಏನದ.

ಇನ್ನೊಂದು, ಕತ್ತರಿಸೋದು ಒಂದೇ ರೆಕ್ಕಿ. ಎರಡೂ ಕತ್ತರಿಸಿದ್ರ ಛಲೋ ಅಂತ ಮಂದಿ ತಿಳಕೋತಾರ, ಹಂಗಲ್ಲ. ಎರಡೂ ಕಡಿ ಸಮ ಆಯ್ತು ಅಂದ್ರ ಜವಾರಿ ಕೋಳಿ ಹಗೂರ ಇರ್ತದ, ಹ್ಯಾಂಗೋ ಬಡ್ಕೊಂಡು ಬಡ್ಕೊಂಡು ಏರಿಬಿಡ್ತದ. ಒಂದೇ ಕಡಿ ಕತ್ತರಿಸಿದ್ರ ಹಾರ್ಲಿಕ್ಕ ಹೋದಾಗ ತೂಕ ತಪ್ಪಿ ಒಂದು ಮಗ್ಗಲಿಗಿ ತಿರುಗಿ ಕೆಳಗ ಇಳಿತದ, ನಾಕ್ಸಲ ಹಂಗಾದ ಮ್ಯಾಲ ತಾನೇ ಬಿಡ್ತದ. ಇದೇನು ಜನ್ಮಕ್ಕ ಒಮ್ಮೆ ಮಾಡೋ ಕೆಲಸನೂ ಅಲ್ಲ. ದೊಡ್ಡ ಕೋಳಿ ವರ್ಷಕ್ಕೊಮ್ಮೆ ಪುಕ್ಕ ಉದುರಿಸಿ ಹೊಸ ಪುಕ್ಕ ತರ್ತದ, ಆವಾಗ ಹೊಸ ಗರಿ ಬಲಿತ ಮ್ಯಾಲ ಮತ್ತೊಮ್ಮೆ ಕತ್ತರಿಸ್ಬೇಕು. ಎಳಿ ಕೋಳಿ ಬೆಳಿಯೋ ಹೊತ್ತಿನ್ಯಾಗ ಒಂದೆರಡು ಸಲ ಪುಕ್ಕ ಬದಲಿಸ್ತಾವ, ಅವುನ್ನ ತಿಂಗಳಿಗೊಮ್ಮೆ ರೆಕ್ಕಿ ಬಿಚ್ಚಿ ನೋಡ್ತಾ ಇರ್ಬೇಕು. ನಾನು ಅಮಾಸಿ ರಾತ್ರಿ ಅಂತ ಇಟ್ಕೊಂಡೀನಿ, ನೆನಪಿರ್ತದ. ಮರಿ ಕಟ್ಕೊಂಡ ತಾಯಿ ಕೋಳಿ ರೆಕ್ಕಿ ಮಾತ್ರ ನಾನು ಮುಟ್ಟಂಗಿಲ್ಲ, ಹದ್ದು ಬಂದಾಗ ಆ ರೆಕ್ಕಿ ಕೆಳಗೇ ಮರಿ ಹೊಕ್ಕೋಬೇಕು. ಗಿರಿರಾಜ ಸಾಕಿದವ್ರಿಗಿ ಈ ಕತ್ರಿ ಕೆಲಸ ಬೇಕಾಗಂಗೇ ಇಲ್ಲ ಅಂದ್ರೂ ನಡಿತದ. ಅದು 1989ರಾಗ ಬೆಂಗಳೂರು ಹೆಬ್ಬಾಳದಾಗ ತಯಾರ ಮಾಡಿದ ತಳಿ, ಮೈ ಭಾರ, ನಾಕಡಿ ಬೇಲಿ ದಾಟೋದೇ ಕಷ್ಟ. ಮಾಳಗಿ ಏರೋದು, ಬೇವಿನ ಗಿಡ ಏರೋದು ಎಲ್ಲಾ ನಮ್ಮ ಜವಾರಿ ಕೋಳಿದೇ ಕೆಲಸ.

ಈಗ ನಾನು ಮುಖ್ಯ ಹೇಳ್ಬೇಕಂದ ಮಾತಿಗಿ ಬರ್ತೀನಿ. ರೆಕ್ಕಿ ಕತ್ತರಿಸಿ ಬೇಲಿ ಹಾಕ್ದೆ ಬಿಡೋದು ಪಾಪದ ಕೆಲಸ. ಮೊದಲನೇ ವಾರ ನಾನು ಅದನ್ನೇ ಮಾಡಿದೆ, ಹಾರಂಗಿಲ್ಲಲ್ಲ ಇನ್ನೇನು ಅಂತ ಖುಷಿಯಾಗಿದ್ದೆ. ಒಂದು ಹ್ಯಾಟಿ ದಿನಾ ರಾತ್ರಿ ಬೇವಿನ ಗಿಡದಾಗ ಕೂಡ್ತಿತ್ತು, ರೆಕ್ಕಿ ಕತ್ತರಿಸಿದ ಮ್ಯಾಲ ಗಿಡ ಏರ್ಲಿಕ್ಕ ಬರ್ಲಿಲ್ಲ, ಗೂಡಿನ ರೂಢಿನೂ ಅದಕ್ಕಿದ್ದಿಲ್ಲ, ಗಿಡದ ಬುಡಕ್ಕೇ ಕೂತು. ನಾನು ಎಣಸ್ಲಿಲ್ಲ. ಬೆಳಗ್ಗಿ ಎದ್ದು ನೋಡಿದ್ರ ಬುಡದ ಸುತ್ತ ಪುಕ್ಕ ಅಷ್ಟೇ, ಓಣಿ ನಾಯಿ ಎಳಕೊಂಡು ಹೋಗಿದ್ವು. ಅದಕ್ಕ ಇದ್ದ ಒಂದೇ ಆಸರ ನಾನೇ ಕತ್ರಿಲಿ ತಗದಿದ್ದೆ, ಬದಲಿಗಿ ಏನೂ ಕೊಟ್ಟಿದ್ದಿಲ್ಲ. ರೆಕ್ಕಿ ಕತ್ತರಿಸಿದ ಕೋಳಿ ಜೀವ ನಮ್ಮ ಕೈಯಾಗ ಇರ್ತದ, ರಾತ್ರಿ ಗೂಡಿಗಿ ಹಾಕಿ ಎಣಸಿ ಚಿಲಕ ಹಾಕೋದು ನಮ್ಮ ಕೆಲಸ, ಹಗಲು ನಾಯಿ ಒಳಗ ಬರದಂಗ ನೋಡ್ಕೊಳ್ಳೋದು ನಮ್ಮ ಕೆಲಸ. ಇಷ್ಟು ಆಗಂಗಿಲ್ಲ ಅನ್ನೋರು ಕತ್ರಿ ಹಿಡಿಲೇಬ್ಯಾಡ್ರಿ.

ಅದಾದ ಮ್ಯಾಲ ಎರಡು ಹುಂಜ ಮಾರಿ ಬೇಲಿ ಮಾಡ್ದೆ. ನಮ್ಮದು ಎರಿ ನೆಲ, ಕಪ್ಪು ಮಣ್ಣು. ಎರಿ ನೆಲದಾಗ ಬೇಲಿ ಹಾಕೋದು ಮಸಬು ನೆಲದವ್ರು ತಿಳಕೊಂಡಂಗ ಅಲ್ಲ, ಬ್ಯಾಸಗಿಗಿ ಬಿರುಕು ಬಿಡ್ತದ, ಕೈ ಹೋಗೋವಷ್ಟು ಬಿರುಕು, ಮಳಿಗಾಲಕ್ಕ ಉಬ್ಬತದ, ಹಂಗಾಗಿ ನೆಟ್ಟ ಗೂಟ ಒಂದು ವರ್ಷದಾಗ ಸೊಟ್ಟ ಆಗ್ತದ. ನಮ್ಮ ಮನಿಯವ್ರು ಎರಡಡಿ ತಗ್ಗು ತೋಡಿ ಗೂಟದ ಸುತ್ತ ಎರಿ ಮಣ್ಣು ಹಾಕದೆ ಮುರುಮು ಮತ್ತ ಕಲ್ಲು ಚೂರು ಹಾಕಿ ಬಡಿದ್ರು, ಅದು ಹೋದ ಮಳಿಗಾಲ ತಡಕೊಂಡದ. ನಮ್ಮ ಕಡಿ ದೇವರು ಕೊಟ್ಟ ಒಂದು ಅನುಕೂಲ ಅಂದ್ರ ಶಹಾಬಾದ ಕಲ್ಲು. ಒಡಕ ಫರ್ಸಿ ತುಂಡು ಖಣಿ ಬಾಜು ರಾಶಿ ಬಿದ್ದಿರ್ತಾವ, ಅವುನ್ನ ತಂದು ಬೇಲಿ ಬುಡಕ್ಕ ಸುತ್ತಲೂ ನೆಟ್ಟಗ ಹುಗಿದೀವಿ, ಒಂದಡಿ ನೆಲದೊಳಗ, ಒಂದೂವರಿ ಅಡಿ ಮ್ಯಾಲ. ನಾಯಿ, ಮುಂಗಲಿ ಎಲ್ಲಾ ಬುಡದಾಗೇ ಕೆದರಿ ಒಳಗ ಬರೋದು, ಕಲ್ಲು ತಗಲಿದ ಮ್ಯಾಲ ಬಿಟ್ಟು ಹೋಗ್ತಾವ. ಕಲ್ಲು ಸಿಗದ ಊರಾಗ ತಂತಿ ಜಾಳಗಿನೇ ಬುಡದಾಗ ಹೊರಗಿನ ಕಡಿ ಒಂದಡಿ ಮಡಚಿ ಮಣ್ಣಾಗ ಮುಚ್ಚಿದ್ರೂ ನಡಿತದ.

ಕಲ್ಲಿನ ಮ್ಯಾಲ ತಂತಿ ಜಾಳಗಿ, ಹಾರ್ಡ್‌ವೇರ್ ಅಂಗಡ್ಯಾಗ ಕೋಳಿ ಜಾಲಿ ಅಂದ್ರ ಕೊಡ್ತಾರ, ಆರು ಮೂಲಿ ಕಿಂಡಿ ಇರ್ತದ. ಕಿಂಡಿ ಒಂದಿಂಚಿಗಿಂತ ದೊಡ್ಡದು ತರಬ್ಯಾಡ್ರಿ, ಸಣ್ಣ ಮರಿ ತೂರ್ತಾವ. ಎತ್ತರ ಒಟ್ಟು ಆರಡಿ. ಮ್ಯಾಲಿನ ಅಂಚಿಗಿ ನಾನು ಮೊದಲು ಬಿದಿರು ಗಳ ಕಟ್ಟಿದ್ದೆ, ಚಂದ ಕಾಣ್ಲಿ ಅಂತ. ಅದೇ ತಪ್ಪಾಯ್ತು. ಕೋಳಿ ಬೇಲಿನ ಒಂದೇ ಹಾರಿಕಿಗಿ ದಾಟಂಗಿಲ್ಲರಿ, ಮೊದಲು ಕೆಳಗ ನಿಂತು ಕುತ್ತಿಗಿ ಎತ್ತಿ ನೋಡ್ತದ, ಕಾಲಿಡ್ಲಿಕ್ಕ ಏನರೆ ಅದ ಅಂದ್ರ ಅಲ್ಲಿಗಿ ಹಾರಿ ಕೂಡ್ತದ, ಕೂತು ಆಮ್ಯಾಲ ಆಚಿ ಕಡಿ ಇಳಿತದ. ಗಳ ಬಿಚ್ಚಿ ಜಾಳಗಿ ತುದಿ ಸಡ್ಲ ಬಿಟ್ಟೆ, ಕೂಡ್ಲಿಕ್ಕ ಜಾಗಾ ಇಲ್ಲದಂಗ ಆಯ್ತು, ರೆಕ್ಕಿ ಕತ್ತರಿಸದ ಹುಂಜನೂ ಆವಾಗಿಂದ ದಾಟಿಲ್ಲ. ಬೇಲಿ ಬಾಜು ತಿಪ್ಪಿ, ಕಟಗಿ ಒಟ್ಟಿದ್ದು, ಮುರುಕು ಬಂಡಿ ಏನೂ ಇರಬಾರ್ದು, ಅವೆಲ್ಲಾ ಕೋಳಿಗಿ ಮೆಟ್ಟಲ ಇದ್ದಂಗ. ದುಡ್ಡು ಇಲ್ಲದವ್ರು ಹಳಿ ಸೀರಿ ಕಟ್ರಿ, ನಮ್ಮ ಹೊಲದಾಗ ಹಂದಿ ಬರಬಾರ್ದಂತ ಕಟ್ತೀವಲ್ಲ ಹಂಗೇ, ಆಚಿ ಏನದ ಅಂತ ಕಾಣಂಗಿಲ್ಲ, ಕೂಡ್ಲಿಕ್ಕೂ ಬರಂಗಿಲ್ಲ. ನಾಯಿಗಿ ಮಾತ್ರ ಸೀರಿ ತಡಿಯಂಗಿಲ್ಲ ಅದು ನೆನಪಿಡ್ರಿ. ಮರಿ ಇರೋ ಮೂಲಿಗಿ ಮ್ಯಾಲೂ ಬಲಿ ಹೊದಿಸೀನಿ, ಹದ್ದು ಕಾಗಿ ಕಾಟಕ್ಕ.

ಒಳಗ ಹಾಕಿದ ಮ್ಯಾಲ ಒಳಗೇ ಇರ್ಲಿಕ್ಕ ಅದಕ್ಕ ಮನಸ್ಸು ಬರ್ಬೇಕು ಅಂದ್ರ ಬೇಕಾದದ್ದು ಒಳಗೇ ಇಡ್ಬೇಕು. ಒಂದು ಕೋಳಿಗಿ ಕಮ್ಮಿ ಅಂದ್ರ 10 ಚದರ ಅಡಿ ಜಾಗಾ ಬೇಕು, ಇಕ್ಕಟ್ಟಾದ್ರ ಒಂದಕ್ಕೊಂದು ಕುಕ್ಕತಾವ, ಕುಕ್ಕಿಸ್ಕೊಂಡದ್ದು ಓಡ್ಲಿಕ್ಕ ದಾರಿ ಹುಡಕತದ. ನೆರಳು ಬೇಕೇ ಬೇಕು, ನಾವು ತೊಗರಿ ಕಟ್ಟಿಗಿ ಹೊದಿಸಿ ಚಪ್ಪರ ಹಾಕೀವಿ, ಮಣ್ಣಿನ ಪರಾತದಾಗ ನೀರು ಹಗಲಿಗಿ ಮೂರ್ಸಲ ಬದಲಿಸ್ತೀನಿ. ಒಂದು ಮೂಲ್ಯಾಗ ಒಲಿ ಬೂದಿ ಮತ್ತ ಸಣ್ಣ ಮಣ್ಣು ಕಲಿಸಿ ಹಾಕೀನಿ, ಅದ್ರಾಗ ಹೊರಳಾಡಿ ಮೈ ಹೇನು ಕಳಕೋತಾವ. ಹೊರಗ ತಿರುಗೋ ಕೋಳಿ ಅರ್ಧ ಹೊಟ್ಟಿ ತಾನೇ ತುಂಬಿಸ್ಕೋತದ, ಒಳಗ ಇಟ್ರ ಆ ಖರ್ಚು ನಮ್ಮ ಮ್ಯಾಲ ಬೀಳ್ತದ, ಇದು ಸುಳ್ಳಲ್ಲ. ಆದ್ರ ನಮ್ಮ ಜಿಲ್ಲಾದಾಗ ದಾಲ್ ಮಿಲ್ಲಿಗಿ ಏನು ಕಮ್ಮಿ, ತೊಗರಿ ಚುನ್ನಿ, ನುಚ್ಚು ಸೋವಿ ಸಿಗ್ತದ, ಅದಕ್ಕ ಜೋಳ ಒಡೆದು ಕಲಸ್ತೀನಿ. ಮತ್ತ ಒಂದು ಹಳಿ ಗಡಿಗ್ಯಾಗ ಒಣ ಸಗಣಿ, ಗೋಣಿ ಚೂರು ತುಂಬಿ ನೀರು ಚಿಮುಕಿಸಿ ಗೆದ್ದಲ ಇರೋ ಕಡಿ ಬೋರಲು ಹಾಕಿದ್ರ ಬೆಳಗಾಗೋದ್ರಾಗ ಗೆದ್ದಲಹುಳ ಕೂಡಿರ್ತಾವ, ಮರಿ ಮುಂದ ಝಾಡಿಸಿದ್ರ ಅವು ತಿನ್ನೋ ಚಂದ ನೋಡ್ಬೇಕು.

ಕೆಲವ್ರು ಕೇಳ್ತಾರ, ಜವಾರಿ ಕೋಳಿ ಅಂದ್ರ ತಿರುಗಾಡಿ ತಿನ್ನೋದೇ ಅದ್ರ ರುಚಿ, ನೀನು ಅದನ್ನ ಫಾರಂ ಕೋಳಿ ಮಾಡ್ಲತ್ತಿ ಅಂತ. ನಾನು ದಿನಪೂರ್ತಿ ಮುಚ್ಚಿಡಂಗಿಲ್ಲರಿ. ಮಧ್ಯಾಹ್ನದೊಳಗ ಹ್ಯಾಟಿ ಬಹುತೇಕ ತತ್ತಿ ಇಟ್ಟು ಮುಗಿಸಿರ್ತಾವ, ಅಲ್ಲಿ ತನಕ ಬೇಲಿ ಒಳಗೇ ಇದ್ರ ತತ್ತಿ ಎಲ್ಲಾ ನನ್ನ ಬುಟ್ಟಿಗಿ ಬೀಳ್ತಾವ, ಮೊದಲು ಅವರ ಬಣವಿ, ಇವರ ಕೊಟಗಿ ಅಂತ ಹುಡುಕ್ಕೋತ ತಿರಗ್ತಿದ್ದೆ, ಅರ್ಧ ಮುಂಗಲಿ ಪಾಲು. ಸಂಜಿ ನಾಕಕ್ಕ ಬಾಗಲಾ ತಗಿತೀನಿ, ಊರ ಹೊರಗಿನ ನಮ್ಮ ಹಿತ್ತಲ ಕಡಿ ಅಷ್ಟೇ, ನಾನೋ ನಮ್ಮ ಮಗನೋ ಒಬ್ಬರು ಅಲ್ಲೇ ಇರ್ತೀವಿ. ಕತ್ತಲಾಗೋದು ಹತ್ರ ಇರ್ತದ, ದೂರ ಹೋಗಂಗಿಲ್ಲ. ಆರಕ್ಕ ಡಬ್ಬಿ ಬಡದು ಬಾ ಬಾ ಬಾ ಅಂತ ಒಳಗ ಜೋಳ ಚೆಲ್ಲಿದ್ರ ಓಡಿ ಬರ್ತಾವ. ಬಿತ್ತಿಗಿ ಹೊತ್ತಿನ್ಯಾಗ, ಮಿರಗ ಮಳಿ ಆದ ಮ್ಯಾಲ ಒಂದು ಹದಿನೈದಿಪ್ಪತ್ತು ದಿನ ಮಾತ್ರ ಪೂರ್ತಿ ಬಂದ್. ಊರ ಬಾಜು ಹೊಲದಾಗ ತೊಗರಿ, ಹೆಸರು ಬಿತ್ತಿರ್ತಾರ, ಕೋಳಿ ಸಾಲು ಹಿಡ್ದು ಬೀಜ ಕೆದರಿ ತಿಂತಾವ, ಮೊಳಕಿ ಬಂದ್ರ ಮೊಳಕಿ ಕಿತ್ತತಾವ, ರೈತನ ಹೊಟ್ಟಿ ಮ್ಯಾಲ ಹೊಡದಂಗ ಅದು. ಎಳ್ಳಮಾಸಿ ಆದ ಮ್ಯಾಲ ಕಣದಾಗ ರಾಶಿ ಬೀಳೋ ಹೊತ್ತಿಗೂ ಅಷ್ಟೇ ಜ್ವಾಕಿ.

ಬೇಲಿಂದ ಇನ್ನೊಂದು ಲಾಭ ಆಯ್ತು ಅದನ್ನ ನಾನು ಅಂದ್ಕೊಂಡಿದ್ದಿಲ್ಲ. ಕೊಕ್ಕರೆ ರೋಗ, ಡಾಕ್ಟ್ರು ರಾಣಿಖೇತ್ ಅಂತಾರ, ಅದು ಬ್ಯಾಸಗಿಗಿ ಓಣಿ ಹೊಕ್ಕಿತು ಅಂದ್ರ ಮನಿಮನಿ ಗೂಡು ಖಾಲಿ ಮಾಡ್ತದ. ತಿರುಗೋ ಕೋಳಿನೇ ಅದನ್ನ ಮನಿಂದ ಮನಿಗಿ ಹೊರ್ತಾವ. ಅದಕ್ಕ ಔಷಧ ಇಲ್ಲ, ಲಸಿಕಿ ಅಷ್ಟೇ. ಮರಿ ಏಳು ದಿನದ್ದಿದ್ದಾಗ ಲಸೋಟಾ ಹನಿ, ಕಣ್ಣಾಗ ಇಲ್ಲಾ ಮೂಗಿನ್ಯಾಗ, 28 ದಿನಕ್ಕ ಮತ್ತೊಮ್ಮೆ, ಎಂಟ್ಹತ್ತು ವಾರಕ್ಕ ಆರ್‌ಟುಬಿ ಅಂತ ಸೂಜಿ. ಲಸಿಕಿ ಬರ್ಫದಾಗ ಇಟ್ಟು ತರ್ಬೇಕು, ಒಮ್ಮೆ ಕಲಿಸಿದ ಮ್ಯಾಲ ಒಂದೆರಡು ತಾಸಿನ್ಯಾಗ ಮುಗಿಸ್ಬೇಕು. ಒಂದು ಬಾಟ್ಲ್ಯಾಗ ನೂರು ಕೋಳಿಗಿ ಆಗೋವಷ್ಟು ಇರ್ತದ, ನನ್ನ 22 ಕೋಳಿ ಸಲುವಾಗಿ ಬಾಟ್ಲಿ ಒಡೆಯೋದಕ್ಕ ಯಾರಿಗೂ ಮನಸ್ಸಾಗಂಗಿಲ್ಲ. ನಾಕೈದು ಮನಿಯವ್ರು ಕೂಡಿ ಒಂದೇ ಮುಂಜಾನಿ ಹಾಕ್ಸಬೇಕು ಅಂದ್ರ ಕೋಳಿ ಕೈಗಿ ಸಿಗ್ಬೇಕಲ್ಲ. ಮೊದಲು ಲಸಿಕಿಯವ್ರು ಬಂದ ದಿನ ನಾವು ಕೋಳಿ ಹಿಂದ ಓಡಿ ಓಡಿ ಅರ್ಧ ಹಿಡ್ದು ಅರ್ಧ ಬಿಟ್ಟು ಕಳಸ್ತಿದ್ವಿ. ಈ ಸಲ ಬೇಲಿ ಒಳಗ ಇದ್ದದ್ದಕ್ಕ ಇಪ್ಪತ್ತು ನಿಮಿಷದಾಗ ಎಲ್ಲವಕ್ಕೂ ಆಯ್ತು.

ಕಾಕು ಜೊತಿ ಈಗ ಮಾತು ಶುರು ಆಗ್ಯಾವ. ಬೇಲಿ ಹಾಕಿದ ದಿನ ನಾನೇ ಹೋಗಿ ತಪ್ಪಾಯ್ತು ಅಂದು ಬಂದೆ, ಒಂದು ಸೇರು ಶಾವಿಗಿ ಹೊಸ್ದು ಕೊಡ್ತೀನಿ ಅಂದೆ, ಬ್ಯಾಡ ಅಂದ್ರು. ಮೊನ್ನೆ ಜೋಳ ಹಸನು ಮಾಡಿ ಮೊರದಾಗಿನ ನುಸಿ ಕಾಳು, ಕಸ ಎಲ್ಲಾ ತಾವೇ ಬೇಲಿ ಮ್ಯಾಲಿಂದ ಕೋಳಿಗಿ ಚೆಲ್ಲಿ ಹೋದ್ರು. ನಮ್ಮ ಮನಿ ಹೊಚ್ಚಲ ಮಾತ್ರ ಇನ್ನಾ ತುಳ್ದಿಲ್ಲ, ಅದಕ್ಕ ಟೈಮ್ ಹಿಡಿತದ, ನನಗೇನು ಅವಸರ ಇಲ್ಲ.

ನಿಮ್ಮ ಪೇಪರ್ ಮೂಲಕ ನಾನು ಕೇಳ್ಕೊಳ್ಳೋದು ಇಷ್ಟು. ಪಶುಪಾಲನಾ ಇಲಾಖೆಯವ್ರು ಹೆಣ್ಮಕ್ಕಳಿಗಿ ಸಾಕ್ಲಿಕ್ಕ ಅಂತ ಮರಿ ಹಂಚ್ತಾರ, ಭಾಳ ಛಲೋ ಕೆಲಸ, ಒಂದು ಮನಿ ಉಪ್ಪು ಎಣ್ಣಿ ಖರ್ಚು ಅದ್ರಾಗ ನಡಿತದ. ಆದ್ರ ಡಬ್ಬಿ ಕೈಗಿ ಕೊಟ್ಟು ಫೋಟೊ ತಕ್ಕೊಂಡು ಹೋಗೋ ಮೊದಲು ಒಂದು ಅರ್ಧ ತಾಸು ಕೂಡಿಸಿ, ಬೇಲಿ ಎಷ್ಟೆತ್ತರ, ಗೂಡು ಎಷ್ಟಗಲ, ರೆಕ್ಕಿ ಯಾವುದು ಕತ್ತರಿಸ್ಬೇಕು ಯಾವುದು ಮುಟ್ಟಬಾರ್ದು ಅಂತ ಒಂದು ಕೋಳಿ ಹಿಡ್ದು ಕಣ್ಣ ಮುಂದ ತೋರಿಸ್ಲಿ. ಬಾಯಿಲಿ ಹೇಳಿದ್ರ ನೀಲಿ ಬುಡದ ಗರಿ ಯಾರಿಗೂ ತಿಳಿಯಂಗಿಲ್ಲ, ನೋಡ್ಬೇಕು. ಬೀದರದಾಗ ಪಶುವೈದ್ಯಕೀಯ ವಿಶ್ವವಿದ್ಯಾಲಯ ಅದ, ಇಡೀ ಕರ್ನಾಟಕಕ್ಕ ಅದೊಂದೇ, ಅದು ನಮ್ಮ ಭಾಗದಾಗ ಇರೋದು ನಮ್ಮ ಭಾಗ್ಯ. ಅಲ್ಲಿನವ್ರು ನಮ್ಮ ಬೀದರ ಕಲಬುರಗಿ ಮಾತಿನ್ಯಾಗೇ ಐದು ನಿಮಿಷದ ಒಂದು ವಿಡಿಯೊ ಮಾಡಿ ಬಿಟ್ರ ಮನಿಮನಿ ವಾಟ್ಸಾಪ್‌ದಾಗ ತಿರಗ್ತದ, ನನ್ನಂಥಾಕಿ ಕೈಯಾಗ ರಕ್ತ ಆಗೋದು ತಪ್ತದ. ಪಂಚಾಯ್ತಿಯವ್ರು ಉದ್ಯೋಗ ಖಾತ್ರಿ ಒಳಗ ಕೋಳಿ ಶೆಡ್ ಮಾಡಿ ಕೊಟ್ಟದ್ದು ಅದ, ಹಂಗ ಕೊಡೋವಾಗ ಶೆಡ್ ಜೊತಿ ಬೇಲಿನೂ ಲೆಕ್ಕಕ್ಕ ಹಿಡಿಲಿ, ಬೇಲಿ ಇಲ್ಲದ ಶೆಡ್ ರಾತ್ರಿಗಷ್ಟೇ ಬರ್ತದ, ಜಗಳ ಎಲ್ಲಾ ಆಗೋದು ಹಗಲು.

ನನ್ನ ಹಂಗ ಕೋಳಿ ಸಾಕಿದ ಅಕ್ಕ ತಂಗ್ಯಾರಿಗೂ ಒಂದು ಮಾತು. ಬ್ಯಾಸಗಿ ಬಂತು, ಮಾಳಗಿ ಮ್ಯಾಲ ಶಾವಿಗಿ, ಹಪ್ಪಳ, ಸಂಡಗಿ ಹರವೋ ಹೊತ್ತಾಯ್ತು. ಈ ವಾರದಾಗೇ ಒಂದು ರಾತ್ರಿ ಬ್ಯಾಟರಿ ಹಿಡ್ಕೊಂಡು ಗೂಡಿಗಿ ಹೋಗ್ರಿ, ಒಂದೊಂದು ರೆಕ್ಕಿ ಬಿಚ್ಚಿ ನೋಡ್ರಿ.

ಇತಿ,
ನಿಮ್ಮ ಓದುಗಳು,
ಚಿತ್ತಾಪುರ ತಾಲೂಕು, ಕಲಬುರಗಿ ಜಿಲ್ಲಾ